ಕೂಗಳತೆ

ದಿನಾ ಬೆಳಿಗ್ಗೆ ಎಂಟಕ್ಕೆ ಹೊಳೆಯ ಮಟ್ಟ ಓದುತ್ತೇನೆ.
ಬಿಳಿ ಪಟ್ಟಿ, ಕೆಂಪು ಗೀರು, ತುಕ್ಕು ತಿಂದ ಅಂಕಿಗಳ ಕಂಬ.
ನೆಟ್ಟ ಸರ್ಕಾರ ಹೋಯಿತು,
ಕಂಬ ನಿಂತಿದೆ, ತುಸು ವಾಲಿ.
ಮೊದಲು ಅಪ್ಪ ಕದಮ್‌ಶೋ ಓದುತ್ತಿದ್ದ. ಅವನ ಮೊಣಕಾಲು ಸೋತ ಮೇಲೆ
ಟಾರ್ಚೂ ಪೆನ್ಸಿಲ್ಲೂ ನನ್ನ ಪಾಲಿಗೆ ಬಂದವು.

ಪಂಜ್ ಅಂದರೆ ಐದು.
ಯಾವ ಐದು ಎಂದರೆ ಊರಿಗೊಂದು ಲೆಕ್ಕ:
ಖೊರೋಗಿನವರು ಗುಂತ್ ಸೇರಿಸಿ ಎನ್ನುತ್ತಾರೆ,
ಬರ್ತಂಗ್ ಬಿಟ್ಟರೆ ರುಶಾನಿನವರು ಜಗಳಕ್ಕೇ ನಿಲ್ಲುತ್ತಾರೆ.

ಹುಟ್ಟುವಾಗಲೇ ಎರಡು ದೇಶದ ಕೂಸು;
ಮೇಲೆ, ಜೋರ್‌ಕುಲ್ ಸರೋವರದ ಎದೆಯ ಮೇಲೇ ಗೆರೆ.
ವಾಖಾನಿನಲ್ಲಿ ಮರಳು ಹಾಸಿಕೊಂಡು ಮಲಗಿದ ಸೋಮಾರಿ,
ಇಶ್ಕಾಶಿಮಿನಲ್ಲಿ ಏನು ನೆನಪಾಗುತ್ತದೋ
ಗಕ್ಕನೆ ಬಡಗಣಕ್ಕೆ ತಿರುಗಿ
ಅಲ್ಲಿಂದ ಮುಂದೆ ಹಲ್ಲು ಕಚ್ಚಿ ನುಗ್ಗುವುದೇ ಕೆಲಸ.
ದರ್ವಾಜಿನಲ್ಲಿ ಇನ್ನೊಂದು ತಿರುವು, ಆಮೇಲೆ ಬಯಲು, ಹತ್ತಿಹೊಲ,
ವಖ್ಶ್ ಬಂದು ಕೂಡಿದರೆ ಹೆಸರೂ ಬೇರೆ.
ಕಡೆಗೆ ಕಡಲು ಸಿಗುವುದಿಲ್ಲವಂತೆ, ಮರಳೇ ಕುಡಿದುಬಿಡುತ್ತದಂತೆ.
ನಾನು ನೋಡಿಲ್ಲ.
ನನಗೆ ಗೊತ್ತಿರುವುದು ಕಂಬದ ಮುಂದಿನ ನಲವತ್ತು ಗಜ.

ಅದರಾಚೆ ಅಫ್ಘಾನಿಸ್ತಾನ.
ಕೂಗಳತೆ ಎನ್ನಬಹುದು. ಕೂಗಿ ನೋಡಿ.
ಬಾಯಿ ತೆರೆದದ್ದು ಕಾಣುತ್ತದೆ, ಅಷ್ಟೇ.
ಮಿಕ್ಕದ್ದನ್ನು ನೀರು
ಹಲ್ಲಿಗೂ ತಾಗಿಸದೆ ನುಂಗುತ್ತದೆ.

ಅಜ್ಜಿಯ ತಂಗಿ ಸಬ್ಜಿನಾ ಮದುವೆಯಾಗಿ ಆಚೆಗೆ ಹೋದದ್ದು
ಉಸಿರು ತುಂಬಿದ ಮೇಕೆಚರ್ಮದ ತೆಪ್ಪದಲ್ಲಿ,
ಮುಸುಕು ನೆನೆಯಬಾರದೆಂದು ತಲೆ ಎತ್ತಿ ಹಿಡಿದು.
ಆಮೇಲೆ ಮುಳ್ಳುತಂತಿ ಬಂತು.
ಹೆರಿಗೆಯಾದರೆ ಮಾಡಿನ ಮೇಲೆ ಕೆಂಪು ರಜಾಯಿ;
ಸಾವಾದ ಮೂರನೆಯ ರಾತ್ರಿ
ಹೊಗೆಕಿಂಡಿಯಲ್ಲಿ ಬೆಳತನಕ ದೀಪದ ಬೆಳಕು.
ಅಜ್ಜಿ ಏಳು ರಜಾಯಿ ಎಣಿಸಿದಳು.
ದೀಪ ಯಾರದೆಂದು ತಿಳಿಯುವ ಬಗೆಯಿರಲಿಲ್ಲ,
ಪ್ರತಿ ಸಲವೂ ತಂಗಿಗೇ ಅತ್ತಳು.

ಹೋದ ಬೇಸಿಗೆ, ಹಿಮ ಕರಗಿ ಹೊಳೆ ಉಬ್ಬಿದ ರಾತ್ರಿ
ಚಿಕ್ಕಪ್ಪನ ಜಲ್ದರು ಮರ ಹೋಯಿತು;
ಬೇರು, ಮಣ್ಣು, ಬುಡದ ಕಲ್ಲುಕಟ್ಟೆಯ ಸಮೇತ,
ಹೊಲದ ಒಂದು ತುತ್ತು.
ಬೆಳಗಾಗುವಾಗ ಆಚೆ ದಡದ ಬಂಡೆಗೆ ಒರಗಿ ನಿಂತಿತ್ತು.
ಪಹರೆಯ ಸಿಪಾಯಿ ಬಂದು ಕೇಳಿದ:
ಗೆರೆ ಸರಿಯಿತೇ?
ನಡುನೀರೇ ಗೆರೆ ಎಂದಿದೆ ಕಾಗದ.
ನನ್ನ ನಮೂನೆಯಲ್ಲಿ ಮಟ್ಟಕ್ಕೆ, ತಾಪಕ್ಕೆ, ಬಣ್ಣಕ್ಕೆ, ಮಂಜುಗಡ್ಡೆಗೆ ಅಂಕಣವಿದೆ.
ಮರಕ್ಕಿಲ್ಲ ಎಂದೆ.

ಚಳಿಗಾಲ ನೀರು ಇಳಿಯಿತು.
ಆಗ ಕಂಡವು ಆ ಬಂಡೆಯ ಮೈಮೇಲೆ
ಗೇಣಿಗೊಂದರಂತೆ ಸುಣ್ಣದ ಗೀರುಗಳು.
ಪಕ್ಕದಲ್ಲಿ ಕರಿ ಟೋಪಿಯ ಹುಡುಗ, ತೊಡೆಯ ಮೇಲೆ ಪುಸ್ತಕ.
ಯಾರು ಹೇಳಿದರೋ ಅಳೆ ಎಂದು,
ಸಂಬಳ ಉಂಟೋ ಇಲ್ಲವೋ.
ಬೆರಳೆತ್ತಿ ತೋರಿಸಿದೆ: ಒಂದು, ಆರು, ಎಂಟು.
ಅವನು ಬಂಡೆಗೆ ಬಗ್ಗಿ ನೋಡಿ
ನಾಲ್ಕು, ಎಂದ ಬೆರಳಲ್ಲಿ.
ನಾನು ನಕ್ಕೆ. ಅವನೂ ನಕ್ಕನೋ, ಬಿಸಿಲಿಗೆ ಮುಖ ಕಿವುಚಿದನೋ.
ಅವನ ಸೊನ್ನೆ ಎಲ್ಲಿದೆಯೋ ನನಗೆ ತಿಳಿಯದು.
ನನ್ನದೂ ಅಷ್ಟೆ, ಎಂದೋ ಯಾರೋ ಊರಿ ಹೋದದ್ದು.
ಅವನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ.
ನನ್ನ ಎಂಟರ ನೀರನ್ನೇ
ಅವನು ಏಳೂವರೆಗೆ ಬರೆಯುತ್ತಾನೆ.

ನವ್ರೂಜ್ ಕಳೆದು ಮೂರು ವಾರ.
ಮರದ ಬುಡಕ್ಕೆ ಅವನು ಮತ್ತೆ ಕಟ್ಟೆ ಕಟ್ಟಿದ್ದಾನೆ,
ಚಿಕ್ಕಪ್ಪ ಕಟ್ಟಿದ್ದಕ್ಕಿಂತ ಸೊಟ್ಟ.
ಇವತ್ತಿನ ಹಾಳೆ:
ಮಟ್ಟ ಇನ್ನೂರ ಹದಿನಾಲ್ಕು. ಏರುತ್ತಿದೆ.
ಬಣ್ಣ ಬೂದಿ.
ಷರಾ ಎಂಬಲ್ಲಿ, ಯಾರೂ ಓದದ ಆ ಮೂಲೆಯಲ್ಲಿ,
ಪೆನ್ಸಿಲ್ ಒತ್ತಿ ಬರೆದೆ:
ಆಚೆ ದಡ, ಜಲ್ದರು, ಹೂ.